ಗಂಧಕ ಸುಟ್ರೆ ಎಸ್ಓ2ಗೇ ಯಾಕೆ ನಿಂತ್ಬಿಡುತ್ತೆ, ನೇರ ಎಸ್ಓ3 ಯಾಕೆ ಆಗಲ್ಲ? (ಜೇನುಪೆಟ್ಟಿಗೆ ಕೋಣೇಲಿ ಹುಟ್ಟಿದ ಡೌಟು)

ಪೊನ್ನಂಪೇಟೆ_ಪಿಸಿಎಂಬಿ:

ಎಲ್ರಿಗೂ ನಮಸ್ಕಾರ. ಸೆಕೆಂಡ್ ಪಿಯುಸಿ ಓದ್ತಿದೀನಿ, ಡೌಟು ಸ್ವಲ್ಪ ಉದ್ದ ಇದೆ, ಬೈಬೇಡಿ. ನಮ್ಮ ತಾತ ಜೇನು ಸಾಕ್ತಾರೆ, ತುಡುವೆ ಜೇನು, ಒಂದು ಹದಿನೈದು ಪೆಟ್ಟಿಗೆ. ಮಳೆಗಾಲದಲ್ಲಿ ಖಾಲಿಯಾದ ಪೆಟ್ಟಿಗೆ, ಎರಿ ಎಲ್ಲಾ ಹಿಂದಿನ ಕೋಣೇಲಿ ಪೇರಿಸಿಟ್ಟು ಮೇಣದ ಹುಳ ಬೀಳ್ದೇ ಇರ್ಲಿ ಅಂತ ಹಳೇ ತಟ್ಟೇಲಿ ಕೆಂಡ ಹಾಕಿ ಮೇಲೆ ಗಂಧಕದ ಪುಡಿ ಉದುರಿಸಿ ಬಾಗ್ಲು ಮುಚ್ಚಿಬಿಡ್ತಾರೆ. ಈ ಸಲ ನಾನು ಏನೋ ತರೋಕೆ ಅಂತ ಬೇಗ ಬಾಗ್ಲು ತೆಗ್ದು ಒಂದೇ ಒಂದು ಉಸಿರು ಎಳ್ಕೊಂಡೆ ಅಷ್ಟೇ, ಅರ್ಧ ಗಂಟೆ ಕೆಮ್ಮು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬೇರೆ, ತಾತ ಬೈದಿದ್ದು ಇನ್ನೂ ಕಿವೀಲಿದೆ.

ಸರಿ ಅದು ಎಸ್ಓ2 (ಸಲ್ಫರ್ ಡೈಆಕ್ಸೈಡ್) ಅಂತ ಗೊತ್ತು. ನನ್ನ ಪ್ರಶ್ನೆ ಏನಂದ್ರೆ ಕೋಣೆ ತುಂಬಾ ಗಾಳಿ ಇದೆ, ಆಕ್ಸಿಜನ್ನಿಗೇನು ಬರ ಇಲ್ಲ, ಕೆಂಡದ ಬಿಸಿನೂ ಇದೆ, ಮತ್ತೆ ಯಾಕೆ ಅಲ್ಲಿಗೇ ನಿಂತ್ಬಿಡುತ್ತೆ? ಎಸ್ಓ2ನ ಎಸ್ಓ3 (ಸಲ್ಫರ್ ಟ್ರೈಆಕ್ಸೈಡ್, ನೀರು ಸೇರಿದ್ರೆ ಸಲ್ಫ್ಯೂರಿಕ್ ಆಸಿಡ್) ಮಾಡೋಕೆ ಕ್ಯಾಟಲಿಸ್ಟ್ ಆಗಿ, ಅಂದ್ರೆ ರಿಯಾಕ್ಷನ್ ಬೇಗ ಮಾಡೋಕೆ, ವೆನೇಡಿಯಂ ಪೆಂಟಾಕ್ಸೈಡು, 720 ಕೆಲ್ವಿನ್ (ಸುಮಾರು 450 ಡಿಗ್ರಿ), 2 ಬಾರ್ ಪ್ರೆಶರ್ ಬೇಕು ಅಂತ ನೋಟ್ಸಲ್ಲಿದೆ. ಅದೇ ನೋಟ್ಸಲ್ಲಿ ರಿಯಾಕ್ಷನ್ ಎಕ್ಸೋಥರ್ಮಿಕ್ (ಶಾಖ ಹೊರಗೆ ಬಿಡೋದು), ಲೀ ಶಾಟಲಿಯೇ ನಿಯಮದ ಪ್ರಕಾರ ಟೆಂಪರೇಚರ್ ಕಮ್ಮಿ ಇದ್ದಷ್ಟು ಒಳ್ಳೇದು ಅಂತಾನೂ ಇದೆ. ಕಮ್ಮಿ ಒಳ್ಳೇದಾದ್ರೆ 450 ಡಿಗ್ರಿ ಹತ್ರ ಯಾಕೆ ಕಾಯಿಸ್ಬೇಕು?

ಇನ್ನೊಂದು. ಆ ಕೋಣೇಲಿ ತಾತ ಎರಿ ಕೊಯ್ಯೋ ಚಾಕೂನೂ ಒಂದು ಕತ್ತೀನೂ ಮರೆತುಬಿಟ್ಟಿದ್ರು, ಹತ್ತು ದಿನಕ್ಕೆ ಕೆಂಪಗೆ ತುಕ್ಕು ಹುಡಿ ಹುಡಿ. ಮಳೆಗಾಲದ ತುಕ್ಕು ನೋಡಿದೀನಿ, ಇಷ್ಟು ಫಾಸ್ಟ್ ನೋಡಿಲ್ಲ. ಇದು ಸಲ್ಫ್ಯೂರಿಕ್ ಆಸಿಡ್ ಕೆಲ್ಸಾನಾ? ಆದ್ರೆ ವೆನೇಡಿಯಂ ಇಲ್ದೆ ಎಸ್ಓ3 ಎಲ್ಲಿಂದ ಬಂತು?

ಕೂರ್ಗ್_ರೈಡರ್_12:

ಸಿಂಪಲ್ ತಮ್ಮಾ. ಕ್ಯಾಟಲಿಸ್ಟ್ ಇಲ್ಲಾಂದ್ರೆ ಈಕ್ವಿಲಿಬ್ರಿಯಂ (ಹೋಗೋದೂ ವಾಪಸ್ ಬರೋದೂ ಸರಿಸಮ ಆಗೋ ಜಾಗ) ಎಡಕ್ಕೇ, ಎಸ್ಓ2 ಕಡೆಗೇ ಇರುತ್ತೆ, ವೆನೇಡಿಯಂ ಹಾಕಿದ್ರೆ ಬಲಕ್ಕೆ ಬರುತ್ತೆ ಅಷ್ಟೇ. ತುಕ್ಕು ನಮ್ಮೂರ ಮಳೆಗೆ ಆಗೋದೇ, ನನ್ನ ಬೈಕ್ ಚೈನ್ ನೋಡಿದ್ರೆ ಅಳು ಬರುತ್ತೆ.

ಸುಂಟಿಕೊಪ್ಪ_ಕೆಮಿಸ್ಟ್ರಿ_ಮಿಸ್:

ರೈಡರ್ ಅವ್ರೇ ಬೇಜಾರ್ ಮಾಡ್ಕೋಬೇಡಿ, ಆದ್ರೆ ಪರೀಕ್ಷೇಲಿ ಹೀಗೆ ಬರೆದ್ರೆ ಮಾರ್ಕ್ಸ್ ಹೋಗುತ್ತೆ. ಕ್ಯಾಟಲಿಸ್ಟ್ ಈಕ್ವಿಲಿಬ್ರಿಯಂನ ಒಂದು ಕೂದಲೆಳೆಯಷ್ಟೂ ಆಚೆ ಈಚೆ ಮಾಡಲ್ಲ. ಹೋಗೋದನ್ನೂ ಬೇಗ ಮಾಡುತ್ತೆ, ವಾಪಸ್ ಬರೋದನ್ನೂ ಅಷ್ಟೇ ಬೇಗ ಮಾಡುತ್ತೆ. ಇಪ್ಪತ್ತು ವರ್ಷದಿಂದ ಉತ್ತರ ಪತ್ರಿಕೇಲಿ ಇದೇ ತಪ್ಪು ನೋಡ್ತಿದೀನಿ, ಅದಕ್ಕೇ ಸ್ವಲ್ಪ ಖಾರವಾಗಿ ಹೇಳ್ದೆ.

ಪೊನ್ನಂಪೇಟೆಯವ್ರೇ, ನಿಮ್ಮ ಪ್ರಶ್ನೇಲಿ ಎರಡು ಬೇರೆ ಬೇರೆ ಪ್ರಶ್ನೆ ಸೇರ್ಕೊಂಡಿದೆ. ಆಗೋಕೆ ಇಷ್ಟ ಇದ್ಯಾ ಅನ್ನೋದು ಒಂದು, ಎಷ್ಟು ಬೇಗ ಆಗುತ್ತೆ ಅನ್ನೋದು ಇನ್ನೊಂದು. ಎಸ್ಓ2ಗೆ ರೂಮ್ ಟೆಂಪರೇಚರಲ್ಲಿ ಎಸ್ಓ3 ಆಗೋಕೆ ತುಂಬಾನೇ ಇಷ್ಟ ಇದೆ. ಎರಡು ಮೋಲ್ ಎಸ್ಓ2, ಒಂದು ಮೋಲ್ ಆಕ್ಸಿಜನ್ ಸೇರಿ ಎರಡು ಮೋಲ್ ಎಸ್ಓ3 ಆದ್ರೆ ಸುಮಾರು 197 ಕಿಲೋಜೂಲ್ ಶಾಖ ಹೊರಗೆ ಬರುತ್ತೆ, ಅದು ಸಣ್ಣ ಲೆಕ್ಕ ಅಲ್ಲ. ಆದ್ರೆ ಆಕ್ಸಿಜನ್ನಿನ ಎರಡು ಪರಮಾಣು ಒಂದನ್ನೊಂದು ಹಿಡ್ಕೊಂಡಿರೋ ಬಂಧ ಬಿಡಿಸ್ಬೇಕಲ್ಲ, ಆ ಬಂಧ ಮೋಲಿಗೆ 498 ಕಿಲೋಜೂಲ್ ಹತ್ರ ಇದೆ, ರೂಮ್ ಟೆಂಪರೇಚರಲ್ಲಿ ಅದನ್ನ ಯಾರು ಬಿಡಿಸ್ತಾರೆ? ಒಣ ಎಸ್ಓ2ನೂ ಒಣ ಆಕ್ಸಿಜನ್ನೂ ಒಂದೇ ಬಾಟಲಿಗೆ ತುಂಬಿ ಬಿರಡೆ ಹಾಕಿ ಅಟ್ಟದ ಮೇಲಿಟ್ರೆ ನಿಮ್ಮ ಮೊಮ್ಮಕ್ಕಳು ತೆಗೆದು ನೋಡಿದ್ರೂ ಹಾಗೇ ಇರುತ್ತೆ.

ಹಾಗಾದ್ರೆ ಬಿಸಿ ಮಾಡೋಣ ಅಂದ್ರೆ? ಬಿಸಿ ಮಾಡಿದ್ರೆ ಬಂಧ ಬಿಡುತ್ತೆ ನಿಜ, ಆದ್ರೆ ಅಷ್ಟು ಬಿಸೀಲಿ ಎಸ್ಓ3ನೇ ಉಳಿಯಲ್ಲ. 1000 ಡಿಗ್ರಿ ದಾಟಿದ ಜ್ವಾಲೇಲಿ ಎಸ್ಓ3 ಆದ್ರೂ ಒಡೆದು ಎಸ್ಓ2, ಆಕ್ಸಿಜನ್ ಆಗೋದೇ ಜಾಸ್ತಿ, ಉಳಿಯೋದು ನೂರಕ್ಕೆ ಒಂದೋ ಎರಡೋ. ಗಂಧಕದ ಬೆಂಕಿಯಿಂದ ಎದ್ದ ಅನಿಲದ ಕಥೆ ಇದೇ: ಬಿಸಿ ಇದ್ದಾಗ ಆದದ್ದು ನಿಲ್ಲಲ್ಲ, ತಣ್ಣಗಾದಾಗ ನಿಲ್ಲಬಹುದಿತ್ತು ಆದ್ರೆ ಆಗೋದೇ ಇಲ್ಲ. ನಿಮ್ಮ ಕೋಣೇಲಿ ಆಗಿದ್ದೂ ಅಷ್ಟೇ.

ಈ ಎರಡರ ನಡುವೆ ಒಂದು ಇಕ್ಕಟ್ಟಾದ ಜಾಗ ಇದೆ, 400ರಿಂದ 450 ಡಿಗ್ರಿ ಆಸುಪಾಸು. ಅಲ್ಲಿ ಈಕ್ವಿಲಿಬ್ರಿಯಂ ಇನ್ನೂ ಎಸ್ಓ3 ಪರವಾಗೇ ಇದೆ, ವೆನೇಡಿಯಂ ಜೊತೆಗಿದ್ರೆ ಸ್ಪೀಡೂ ಸಿಗುತ್ತೆ. ಅಂದ್ರೆ 450 ಡಿಗ್ರಿ ಈ ರಿಯಾಕ್ಷನ್ನಿಗೆ ಬೇಕಾದ ಬಿಸಿ ಅಲ್ಲ, ವೆನೇಡಿಯಂಗೆ ಬೇಕಾದ ಬಿಸಿ. ಇದೊಂದು ಸಾಲು ಅರ್ಥ ಆದ್ರೆ ಉಳಿದಿದ್ದೆಲ್ಲಾ ತಾನಾಗೇ ಬರುತ್ತೆ.

ವೆನೇಡಿಯಂ ಏನ್ ಮಾಡುತ್ತೆ ಅಂದ್ರೆ, ನಾವು ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಕಡ ತಂದು ಸಂತೆ ದಿನ ವಾಪಸ್ ಕೊಡ್ತೀವಲ್ಲ ಹಾಗೆ. ಎಸ್ಓ2 ಬಂದು ವೆನೇಡಿಯಂ ಹತ್ರ ಇರೋ ಆಕ್ಸಿಜನ್ನನ್ನ ಕಡ ತಗೊಂಡು ಎಸ್ಓ3 ಆಗಿ ಹೋಗಿಬಿಡುತ್ತೆ, ವೆನೇಡಿಯಂ +5ರಿಂದ +4ಕ್ಕೆ ಇಳಿಯುತ್ತೆ, ಆಮೇಲೆ ಗಾಳಿಯ ಆಕ್ಸಿಜನ್ ಬಂದು ಆ ಕಡ ತೀರಿಸಿ ಮತ್ತೆ +5 ಮಾಡುತ್ತೆ. ತಗೊಂಡವರು ಒಬ್ರು ತೀರಿಸಿದವರು ಇನ್ನೊಬ್ರು, ಆದ್ರೆ ಪಕ್ಕದ ಮನೆ ಡಬ್ಬಿ ಮಾತ್ರ ಯಾವಾಗ್ಲೂ ತುಂಬಿರುತ್ತೆ.

ತುಕ್ಕಿನ ವಿಷಯ ನಾಳೆ ಬರೀತೀನಿ, ಕರೆಂಟ್ ಹೋಯ್ತು, ಮೊಬೈಲ್ ಚಾರ್ಜ್ 9 ಪರ್ಸೆಂಟ್.

ಪೊನ್ನಂಪೇಟೆ_ಪಿಸಿಎಂಬಿ:

ಮಿಸ್ ಥ್ಯಾಂಕ್ಯೂ!! "ವೆನೇಡಿಯಂಗೆ ಬೇಕಾದ ಬಿಸಿ" ಅಂದಾಗ ತಲೇಲಿ ಲೈಟ್ ಹತ್ತಿದ ಹಾಗಾಯ್ತು. ರೈಡರ್ ಅಣ್ಣ, ನಾನು ತಮ್ಮ ಅಲ್ಲ, ತಂಗಿ.

ಒಂದು ಉಳೀತು. ಮೂರು ಮೋಲ್ ಅನಿಲ ಎರಡು ಮೋಲ್ ಆಗೋದ್ರಿಂದ ಪ್ರೆಶರ್ ಜಾಸ್ತಿ ಕೊಟ್ರೆ ಒಳ್ಳೇದಲ್ವಾ, ಅಮೋನಿಯಾಗೆ 200 ಅಟ್ಮಾಸ್ಫಿಯರ್ ಕೊಡೋರು ಇದಕ್ಕೆ ಯಾಕೆ ಬರೀ 2ಕ್ಕೆ ನಿಲ್ಲಿಸ್ತಾರೆ?

ಶನಿವಾರಸಂತೆ_ಹಳೇ_ಶಿಫ್ಟು:

ನಾನು ಸೋಮವಾರಪೇಟೆ ತಾಲೂಕಿನವನು, ಹೊರರಾಜ್ಯದಲ್ಲಿ ಒಂದು ಆಸಿಡ್ ಪ್ಲಾಂಟಲ್ಲಿ ಹದಿನೇಳು ವರ್ಷ ಶಿಫ್ಟ್ ಮಾಡಿ ಈಗ ಊರಲ್ಲಿ ಮೆಣಸು ನೋಡ್ಕೊಂಡಿದೀನಿ. ಫ್ಯಾಕ್ಟರಿ ಹೆಸರು ಬೇಡ. ಪ್ರೆಶರ್ ವಿಷಯ ಮೊದ್ಲು ಹೇಳ್ತೀನಿ ತಂಗಿ, ಒಂದು ಒಂದೂವರೆ ಅಟ್ಮಾಸ್ಫಿಯರಲ್ಲೇ ನೂರಕ್ಕೆ 97-98 ಎಸ್ಓ3 ಬರ್ತಾ ಇರೋವಾಗ ಇನ್ನೊಂದೆರಡು ಪರ್ಸೆಂಟಿಗೆ ದಪ್ಪ ದಪ್ಪ ಉಕ್ಕಿನ ಪಾತ್ರೆ, ಕಂಪ್ರೆಸರ್, ಕರೆಂಟ್ ಬಿಲ್ಲು ಯಾರ್ ಕಟ್ತಾರೆ. ಅಮೋನಿಯಾದಲ್ಲಿ ಪ್ರೆಶರ್ ಕೊಡ್ದೇ ಇದ್ರೆ ಕೈಗೆ ಏನೂ ಹತ್ತಲ್ಲ, ಅದಕ್ಕೆ ಕೊಡ್ತಾರೆ. ನಾವು ಕೊಡ್ತಿದ್ದ ಪ್ರೆಶರು ಬ್ಲೋವರ್ ಗಾಳಿ ಆ ತುದಿಯಿಂದ ಈ ತುದಿಗೆ ತಳ್ಳೋಕೆ ಬೇಕಾದಷ್ಟೇ.

ಮಿಸ್ ಹೇಳಿದ್ದು ಸರಿ, ಆದ್ರೆ ಪುಸ್ತಕ ಒಂದು ವಿಷಯ ಮುಚ್ಚಿಡುತ್ತೆ. 450 ಡಿಗ್ರಿ ಅಂತ ಒಂದು ನಂಬರ್ ಬರೆದು ಬಿಡ್ತಾರಲ್ಲ, ಅಂಥ ಒಂದು ಟೆಂಪರೇಚರ್ ಪ್ಲಾಂಟಲ್ಲಿ ಎಲ್ಲೂ ಇಲ್ಲ. ಫರ್ನೇಸಲ್ಲಿ ಗಂಧಕ ಉರಿದು ಸಾವಿರ ಡಿಗ್ರಿ ಮೇಲೆ ಬರೋ ಗ್ಯಾಸನ್ನ ಬಾಯ್ಲರಲ್ಲಿ ತಣ್ಣಗೆ ಮಾಡಿ 420 ಹತ್ರ ಕನ್ವರ್ಟರಿಗೆ ಬಿಡ್ತೀವಿ (ಆ ಬಾಯ್ಲರ್ ಸ್ಟೀಮಲ್ಲೇ ಟರ್ಬೈನ್ ಓಡ್ತಿತ್ತು). ಮೊದಲನೇ ಬೆಡ್ಡು (ಕ್ಯಾಟಲಿಸ್ಟ್ ಹಾಸಿರೋ ಪದರ) ದಾಟೋದ್ರೊಳಗೆ ರಿಯಾಕ್ಷನ್ ತನ್ನ ಬಿಸೀಗೆ ತಾನೇ 600 ಡಿಗ್ರಿಗೆ ಏರಿಬಿಡುತ್ತೆ, ಏರಿದ ಮೇಲೆ ಲೀ ಶಾಟಲಿಯೇ ಬಂದು ಸಾಕು ಅಂತಾನೆ, ನೂರಕ್ಕೆ ಅರವತ್ತು ಚಿಲ್ಲರೆಗೆ ನಿಂತುಹೋಗುತ್ತೆ. ಅಲ್ಲಿಂದ ಹೊರಗೆ ತೆಗೆದು ಮತ್ತೆ 440ಕ್ಕೆ ಇಳಿಸಿ ಎರಡನೇ ಬೆಡ್ಡಿಗೆ, ಮತ್ತೆ ಇಳಿಸಿ ಮೂರನೇದಕ್ಕೆ. ಹೊಸ ಪ್ಲಾಂಟುಗಳಲ್ಲಿ ಮೂರು ಬೆಡ್ಡಾದ್ಮೇಲೆ ಆಗಿರೋ ಎಸ್ಓ3ನ ಪೂರ್ತಿ ಆಸಿಡಲ್ಲಿ ಹೀರಿಸಿಬಿಟ್ಟು ಉಳಿದ ಗ್ಯಾಸನ್ನ ಮತ್ತೆ ಕಾಯಿಸಿ ನಾಲ್ಕನೇ ಬೆಡ್ಡಿಗೆ ಬಿಡ್ತಾರೆ, ಎದುರಿಗೆ ಎಸ್ಓ3ನೇ ಇಲ್ಲ ಅಂದ್ಮೇಲೆ ವಾಪಸ್ ಹೋಗೋ ಮಾತೇ ಇಲ್ಲ, ಹಂಗಾಗಿ 99.7 ತನಕ ಸಿಗುತ್ತೆ. ಡಬಲ್ ಕಾಂಟ್ಯಾಕ್ಟ್ ಡಬಲ್ ಅಬ್ಸಾರ್ಪ್ಷನ್ ಅಂತಾರೆ ಅದಕ್ಕೆ, ಬಾಯರ್ ಕಂಪ್ನಿಯವ್ರು 1960ರ ದಶಕದಲ್ಲಿ ತಂದಿದ್ದು. ಪ್ರಾಡಕ್ಟ್ ತೆಗೆದ್ರೆ ಈಕ್ವಿಲಿಬ್ರಿಯಂ ಮುಂದಕ್ಕೆ ಅಂತ ನೀವು ಒಂದು ಸಾಲು ಬಾಯಿಪಾಠ ಮಾಡ್ತೀರಲ್ಲ ತಂಗಿ, ಅದೇ ಸಾಲು ಅಲ್ಲಿ ನಾಲ್ಕು ಮಾಳಿಗೆ ಎತ್ತರದ ಟವರ್ ಆಗಿ ನಿಂತಿರುತ್ತೆ.

ಇನ್ನೊಂದು, ಕ್ಯಾಟಲಿಸ್ಟ್ ಅಂದ್ರೆ ಬರೀ ವೆನೇಡಿಯಂ ಪುಡಿ ಅಲ್ಲ. ಸಿಲಿಕಾ ಮಣ್ಣಿನ ಸಣ್ಣ ಸಣ್ಣ ಉಂಗುರ, ಹಳದಿ ಬಣ್ಣ, ಅದರ ತೂತು ತೂತಲ್ಲಿ ಪೊಟ್ಯಾಸಿಯಂ ಸಲ್ಫೇಟು, ವೆನೇಡಿಯಂ. ಕೆಲಸ ಮಾಡೋವಾಗ ಒಳಗಡೆ ಅದು ಕರಗಿ ದ್ರವ ಆಗಿರುತ್ತೆ, ನೋಡೋಕೆ ಒಣ ಉಂಗುರ. 400ಕ್ಕಿಂತ ತುಂಬಾ ಕೆಳಗೆ ಹೋದ್ರೆ +4 ವೆನೇಡಿಯಂ ಉಪ್ಪಾಗಿ ಕೂತುಬಿಡುತ್ತೆ, ಕೆಲಸ ಬಂದ್. ಸೀಸಿಯಂ ಸೇರಿಸಿದ್ದು ಇನ್ನೂ ಸ್ವಲ್ಪ ತಣ್ಣಗಿದ್ರೂ ಓಡುತ್ತೆ, ಆದ್ರೆ ರೇಟು ಕೇಳಿದ್ರೆ ಮ್ಯಾನೇಜರ್ ಮುಖ ನೋಡ್ಬೇಕಿತ್ತು. ವಾರ್ಷಿಕ ಶಟ್‌ಡೌನಲ್ಲಿ ಮೊದಲನೇ ಬೆಡ್ಡಿನ ಉಂಗುರ ಎಲ್ಲಾ ಹೊರಗೆ ತೆಗೆದು ಜರಡಿ ಹಿಡೀಬೇಕು, ಮೇಲೆ ಧೂಳು ಕಟ್ಟಿ ಗಾಳಿ ಹೋಗಲ್ಲ. ಕಾಫಿ ಬೀಜ ಜರಡಿ ಹಿಡಿದು ಬೆಳೆದವನಿಗೆ ಅಲ್ಲೂ ಅದೇ ಕೆಲಸ.

ವಿರಾಜಪೇಟೆ_ಪುಸ್ತಕಪ್ರೇಮಿ:

ಸಣ್ಣದೊಂದು ಸೇರಿಸ್ತೀನಿ. ಬಿಸಿ ಪ್ಲಾಟಿನಂ ಮೇಲೆ ಎಸ್ಓ2, ಗಾಳಿ ಹಾಯಿಸಿದ್ರೆ ಎಸ್ಓ3 ಆಗುತ್ತೆ ಅಂತ 1831ರಲ್ಲಿ ಪೇಟೆಂಟ್ ತಗೊಂಡವನು ಇಂಗ್ಲೆಂಡಿನ ಬ್ರಿಸ್ಟಲ್ಲಿನ ಪೆರಿಗ್ರಿನ್ ಫಿಲಿಪ್ಸ್, ವೃತ್ತಿಯಲ್ಲಿ ವಿನಿಗರ್ ಮಾಡೋನು. ಕಾಚಂಪುಳಿ (ನಮ್ಮ ಕೊಡಗಿನ ವಿನಿಗರ್) ಕಾಯಿಸೋರು ಯಾರಾದ್ರೂ ಆಸಿಡ್ ಫ್ಯಾಕ್ಟರಿ ಕಂಡುಹಿಡಿದ ಹಾಗೆ! ಆದ್ರೆ ಅದು ನೆಟ್ಟಗೆ ಬಳಕೆಗೆ ಬರೋಕೆ ಆ ಶತಮಾನದ ಕೊನೆ ಆಯ್ತು, ಯಾಕಂದ್ರೆ ಪೈರೈಟ್ (ಕಬ್ಬಿಣ, ಗಂಧಕ ಸೇರಿರೋ ಅದಿರು) ಸುಟ್ಟ ಗ್ಯಾಸಲ್ಲಿ ಬರೋ ಆರ್ಸೆನಿಕ್ ಪ್ಲಾಟಿನಂಗೆ ವಿಷ, ಕೆಲವೇ ದಿನಕ್ಕೆ ಸತ್ತುಹೋಗ್ತಿತ್ತು. ಜರ್ಮನಿಯ ಬಿಎಎಸ್ಎಫ್‌ನಲ್ಲಿ ರುಡಾಲ್ಫ್ ಕ್ನೀಟ್ಷ್ ಗ್ಯಾಸನ್ನ ಚೆನ್ನಾಗಿ ತೊಳೆದು ಕೊಟ್ಟ ಮೇಲೆ ಸರಿಹೋಯ್ತು. ಆಮೇಲೆ ವೆನೇಡಿಯಂ ಬಂತು, ಅಗ್ಗ, ಆರ್ಸೆನಿಕ್ಕಿಗೂ ಅಷ್ಟು ಹೆದರಲ್ಲ. ಅದಕ್ಕೂ ಮುಂಚೆ 1746ರಿಂದ ಜಾನ್ ರೋಬಕ್ಕನ ಸೀಸದ ಕೋಣೆ ಪದ್ಧತಿ. ಅಲ್ಲಿ ಕಡ ಕೊಡೋ ಪಕ್ಕದ ಮನೆ ನೈಟ್ರೋಜನ್ ಡೈಆಕ್ಸೈಡು, ಅದು ತನ್ನ ಆಕ್ಸಿಜನ್ ಎಸ್ಓ2ಗೆ ಕೊಟ್ಟು ಎನ್ಓ ಆಗಿ, ಗಾಳಿಯಿಂದ ಮತ್ತೆ ತುಂಬಿಸ್ಕೊಳ್ತಿತ್ತು.

ಕಾರ್ಮಾಡು_ತೋಟ:

ಒಳ್ಳೆ ಚರ್ಚೆ ಮಾರಾಯ್ರೆ. ನಾವು ಮಳೆಗೆ ಮುಂಚೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೀತೇವೆ, ಕಾಫಿಗೆ ಅರ್ಧ ಪರ್ಸೆಂಟು, ಮೆಣಸಿಗೆ ಒಂದು ಪರ್ಸೆಂಟು, ಅದರ ಮೈಲುತುತ್ತು ಕಾಪರ್ ಸಲ್ಫೇಟ್ ಅಲ್ವ, ಅಂದ್ರೆ ಅದಕ್ಕೂ ಈ ಆಸಿಡೇ ಬೇಕು ಅಂತಾಯ್ತು. 20:20:0:13 ಗೊಬ್ಬರದ ಚೀಲದ ಕೊನೇ 13 ಕೂಡ ಗಂಧಕ, ಸಲ್ಫೇಟ್ ರೂಪದ್ದು. ನನ್ನ ಪ್ರಶ್ನೆ ಬೇರೆ, ಮಣ್ಣು ಟೆಸ್ಟ್ ಮಾಡ್ಸಿದ್ರೆ ಪ್ರತಿ ಸಲ ಹುಳಿ ಹುಳಿ ಅಂತ ಬರ್ತದೆ, ಸುಣ್ಣ ಹಾಕಿ ಅಂತಾರೆ. ಇದು ಆಸಿಡ್ ಮಳೆಯದ್ದಾ? ಮೇಲೆ ಆಕಾಶದಲ್ಲಿ ಎಸ್ಓ3 ಆಗೋಕೆ ಅಲ್ಲೇನು ವೆನೇಡಿಯಂ ತೂಗಾಡ್ತದಾ?

ಸುಂಟಿಕೊಪ್ಪ_ಕೆಮಿಸ್ಟ್ರಿ_ಮಿಸ್:

ಕರೆಂಟ್ ಬಂತು. ಕಾರ್ಮಾಡಿನವ್ರೇ, ಮಣ್ಣಿನ ಹುಳಿಗೆ ಆಸಿಡ್ ಮಳೇನ ಬೈಬೇಡಿ. ಇಷ್ಟು ಮಳೆ ಸುರಿಯೋ ಜಾಗದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಹೋಗಿ ಮಣ್ಣು ಹುಳಿ ಆಗೋದು ಸಹಜ, ಮೇಲಿಂದ ವರ್ಷ ವರ್ಷ ಅಮೋನಿಯಂ ಗೊಬ್ಬರ ಬೇರೆ. ಒಂದಿಷ್ಟೂ ಮಾಲಿನ್ಯ ಇಲ್ಲದ ಮಳೆನೂ ಕಾರ್ಬನ್ ಡೈಆಕ್ಸೈಡ್ ಕರಗಿಸ್ಕೊಂಡು 5.6 ಪಿಎಚ್ ಹತ್ರ ಇರುತ್ತೆ.

ಆದ್ರೆ ನಿಮ್ಮ ಎರಡನೇ ಪ್ರಶ್ನೆ ಇದ್ಯಲ್ಲ, ಅದೇ ತಂಗಿಯ ಕತ್ತಿಯ ಪ್ರಶ್ನೆ. ಆಕಾಶದಲ್ಲಿ ಎರಡು ದಾರಿ ಇದೆ. ಬಿಸಿಲಿದ್ದಾಗ ಗಾಳೀಲಿ ಹುಟ್ಟೋ ಹೈಡ್ರಾಕ್ಸಿಲ್ ರಾಡಿಕಲ್ (ಓಎಚ್ ಅನ್ನೋ ತುಂಬಾ ಚುರುಕಾದ ಕಣ) ಎಸ್ಓ2ನ ಹಿಡಿಯುತ್ತೆ, ಆಮೇಲೆ ಆಕ್ಸಿಜನ್ ಸೇರಿ ಎಸ್ಓ3 ಆಗುತ್ತೆ, ತಕ್ಷಣ ನೀರಾವಿ ಸಿಕ್ಕಿ ಆಸಿಡ್. ಇದು ನಿಧಾನ, ದಿನಗಟ್ಟಲೆ ಬೇಕು. ಇನ್ನೊಂದು ದಾರಿ ಮೋಡದ ಹನಿ ಒಳಗೆ. ಎಸ್ಓ2 ನೀರಲ್ಲಿ ಚೆನ್ನಾಗಿ ಕರಗಿ ಬೈಸಲ್ಫೈಟ್ ಆಗುತ್ತೆ, ಅದೇ ಹನೀಲಿ ಕರಗಿರೋ ಹೈಡ್ರೋಜನ್ ಪೆರಾಕ್ಸೈಡ್ ಅದನ್ನ ನೇರ ಸಲ್ಫೇಟ್ ಮಾಡಿಬಿಡುತ್ತೆ, ಇದು ಬೇಗ. ಗಮನಿಸಿ, ಈ ಎರಡನೇ ದಾರೀಲಿ ಎಸ್ಓ3 ಅನ್ನೋ ಅನಿಲ ಹುಟ್ಟೋದೇ ಇಲ್ಲ.

ತಂಗಿ, ನಿಮ್ಮ ಕೋಣೇಲೂ ಎಸ್ಓ3 ಹುಟ್ಟಿಲ್ಲ ಅಂತಲೇ ಲೆಕ್ಕ, ಆದ್ರೂ ಸಲ್ಫೇಟ್ ಹುಟ್ಟಿರುತ್ತೆ. ಮಳೆಗಾಲದಲ್ಲಿ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ಒಂದು ನೀರಿನ ಪೊರೆ ಇರುತ್ತೆ, ಅದರಲ್ಲಿ ಎಸ್ಓ2 ಕರಗುತ್ತೆ, ಕಬ್ಬಿಣದ ಅಯಾನುಗಳೇ ಅಲ್ಲಿ ಕ್ಯಾಟಲಿಸ್ಟ್ ಆಗಿ ಸಲ್ಫೈಟನ್ನ ಸಲ್ಫೇಟ್ ಮಾಡ್ತವೆ. ಅಂದ್ರೆ ಕತ್ತಿ ತನ್ನನ್ನ ತಿನ್ನೋ ಆಸಿಡನ್ನ ತಾನೇ ತಯಾರು ಮಾಡ್ಕೊಳ್ತು. ಅಷ್ಟೇ ಅಲ್ಲ, ಆದ ಫೆರಸ್ ಸಲ್ಫೇಟ್ ಗಾಳಿ, ನೀರು ಸಿಕ್ಕಿ ತುಕ್ಕಾಗೋವಾಗ ಆಸಿಡನ್ನ ವಾಪಸ್ ಬಿಡುತ್ತೆ, ಅದು ಮತ್ತೆ ಕಬ್ಬಿಣ ತಿನ್ನುತ್ತೆ. ಅದಕ್ಕೇ ಬರೀ ಒರೆಸಿಟ್ರೆ ಮತ್ತೆ ತುಕ್ಕು ಬರುತ್ತೆ, ಚೆನ್ನಾಗಿ ಉಜ್ಜಿ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ತೊಳೆದು ಒಣಗಿಸಿ ಎಣ್ಣೆ ಸವರಿ.

ನನ್ನ ಮಾತು ನಂಬ್ಬೇಡಿ, ಲ್ಯಾಬಲ್ಲಿ ನೋಡಿ. ಆ ತುಕ್ಕಿನ ಹುಡಿ ಸ್ವಲ್ಪ ಕೆರೆದು ನೀರಲ್ಲಿ ಕುದಿಸಿ ಸೋಸಿ, ಡೈಲ್ಯೂಟ್ ಎಚ್‌ಸಿಎಲ್ ಹಾಕಿ, ಬೇರಿಯಂ ಕ್ಲೋರೈಡ್ ಹಾಕಿ. ಬಿಳಿ ಪ್ರೆಸಿಪಿಟೇಟ್ ಬಂದು ಎಚ್‌ಸಿಎಲ್‌ಗೆ ಕರಗ್ದೇ ಇದ್ರೆ ಸಲ್ಫೇಟ್, ಸಲ್ಫೈಟ್ ಆಗಿದ್ರೆ ಕರಗಿರೋದು. ಗಂಧಕದ ಹೊಗೆ ತಾಗದ ಬೇರೆ ತುಕ್ಕು ಕಬ್ಬಿಣಾನೂ ಜೊತೇಲಿ ಟೆಸ್ಟ್ ಮಾಡಿ, ಇಲ್ಲಾಂದ್ರೆ ಏನೂ ಪ್ರೂವ್ ಆಗಲ್ಲ.

ಶನಿವಾರಸಂತೆ_ಹಳೇ_ಶಿಫ್ಟು:

ಮಿಸ್ ನೀರಿನ ಮಾತು ಎತ್ತಿದ್ರಿ, ಒಂದು ನೆನಪಾಯ್ತು. ಎಸ್ಓ3ನ ನೇರ ನೀರಿಗೆ ಬಿಟ್ರೆ ಆಸಿಡ್ ಆಗುತ್ತೆ ಅಂತ ಈಕ್ವೇಶನ್ ಹೇಳುತ್ತೆ, ಆದ್ರೆ ಪ್ಲಾಂಟಲ್ಲಿ ಹಾಗೆ ಮಾಡಲ್ಲ, 98 ಪರ್ಸೆಂಟ್ ಆಸಿಡಲ್ಲಿ ಹೀರಿಸಿ ಆಮೇಲೆ ನೀರು ಬೆರೆಸಿ ಹದ ಮಾಡ್ತೀವಿ. ಒಂದು ರಾತ್ರಿ ಟವರಿನ ಆಸಿಡ್ ಸ್ಟ್ರೆಂತ್ ತೋರಿಸೋ ಮೀಟರ್ ಕೆಟ್ಟು ಸುಳ್ಳು ಹೇಳ್ತಾ ಇತ್ತು, 98 ಅಂತ ತೋರಿಸ್ತಿದೆ, ಒಳಗೆ 96ಕ್ಕೆ ಇಳಿದುಹೋಗಿದೆ, ನಮಗೆ ಗೊತ್ತಿಲ್ಲ. ಆಸಿಡ್ ಸ್ವಲ್ಪ ತೆಳ್ಳಗಾದ್ರೂ ಅದರ ಮೇಲೆ ನೀರಾವಿ ಇರುತ್ತೆ, ಎಸ್ಓ3 ಆ ಆವಿ ಜೊತೆ ಸೇರಿ ಮಂಜಾಗಿಬಿಡುತ್ತೆ, ಮಂಜಿನ ಹನಿ ಎಷ್ಟು ಸಣ್ಣದು ಅಂದ್ರೆ ಆಸಿಡ್ ಮಳೆ ಸುರಿಯೋ ಟವರೊಳಗಿಂದಾನೇ ನೆನೀದೆ ಆಚೆ ಬರುತ್ತೆ. ಬೆಳಿಗ್ಗೆ ಐದಕ್ಕೆ ಚಿಮಣಿ ನೋಡ್ತೀನಿ, ರಾಜಾಸೀಟಿನ ಮಂಜು ಕಿತ್ಕೊಂಡು ಬಂದು ಅಲ್ಲಿ ಸಿಗಿಸಿದ ಹಾಗಿದೆ. ಊರವ್ರು ಗೇಟ್ ಹತ್ರ ಬಂದ್ರು, ಬೈಗುಳ ಬಿತ್ತು, ಬಿದ್ದಿದ್ದು ನ್ಯಾಯಾನೇ. ಬಾಟಲಿಲಿ ಸ್ಯಾಂಪಲ್ ತೆಗೆದು ಕೈಯಲ್ಲಿ ಟೈಟ್ರೇಶನ್ ಮಾಡಿ ನೋಡಿದ್ಮೇಲೇ ಗೊತ್ತಾಗಿದ್ದು. ಅಲ್ಲಿಂದ ಮುಂದೆ ನನ್ನ ಶಿಫ್ಟಲ್ಲಿ ಮೀಟರ್ ಏನೇ ಹೇಳ್ಲಿ ಎರಡು ಗಂಟೆಗೊಂದು ಸಲ ಟೈಟ್ರೇಶನ್.

ಅದಕ್ಕೇ ಗಂಧಕ ಉರಿಸೋ ಗಾಳೀನೂ ಮೊದ್ಲು ಆಸಿಡಲ್ಲಿ ತೊಳೆದು ಒಣಗಿಸಿ ಬಿಡೋದು. ನಮ್ಮೂರ ಜುಲೈ ಗಾಳಿ ಕೊಟ್ಟಿದ್ರೆ ಆ ಡ್ರೈಯಿಂಗ್ ಟವರ್ ಅತ್ತುಬಿಡ್ತಿತ್ತು. ಶುದ್ಧ ಎಸ್ಓ3 17 ಡಿಗ್ರಿಗೇ ಹೆಪ್ಪುಗಟ್ಟುತ್ತೆ, 45ಕ್ಕೆ ಕುದಿಯುತ್ತೆ, ಡಿಸೆಂಬರ್ ರಾತ್ರೀಲಿ ಮಡಿಕೇರೀಲಿ ಇಟ್ರೆ ಬೆಳಿಗ್ಗೆ ಗಟ್ಟಿ.

ಕೂರ್ಗ್_ರೈಡರ್_12:

ಸಾರಿ ತಂಗಿ, ಮಿಸ್‌ಗೂ ಸಾರಿ. ಬೈಕ್ ಚೈನಿಗೂ ಸೋಡಾ ನೀರು ಹಾಕಬಹುದಾ?

ಸುಂಟಿಕೊಪ್ಪ_ಕೆಮಿಸ್ಟ್ರಿ_ಮಿಸ್:

ಬೇಡಪ್ಪ, ಅದಕ್ಕೆ ಲೂಬ್ ಹಾಕಿ ಸಾಕು.

ಪೊನ್ನಂಪೇಟೆ_ಪಿಸಿಎಂಬಿ:

ಅಪ್‌ಡೇಟ್. ಇವತ್ತು ಪ್ರಾಕ್ಟಿಕಲ್ ಮುಗಿದ್ಮೇಲೆ ಸರ್ ಹತ್ರ ಪರ್ಮಿಷನ್ ಕೇಳಿ ಮಾಡ್ದೆ. ಒಂದು ಟೆಸ್ಟ್‌ಟ್ಯೂಬ್ ತಾತನ ಕತ್ತಿ ತುಕ್ಕು, ಇನ್ನೊಂದು ಕೊಟ್ಟಿಗೆ ಬಾಗ್ಲಿನ ಹಳೇ ಚಿಲಕದ ತುಕ್ಕು. ಚಿಲಕದ್ದು ಬೇರಿಯಂ ಕ್ಲೋರೈಡ್ ಹಾಕಿದ್ರೂ ಹಾಗೇ ಇತ್ತು, ಬಗ್ಗಿ ಬಗ್ಗಿ ನೋಡ್ದೆ, ಏನೂ ಇಲ್ಲ. ಕತ್ತಿದು ಹಾಲು ಬಿದ್ದ ಹಾಗೆ ಬಿಳಿ ಆಯ್ತು, ಎಚ್‌ಸಿಎಲ್ ಇನ್ನೂ ಹಾಕಿ ಅಲ್ಲಾಡಿಸಿದ್ರೂ ಕರಗ್ಲಿಲ್ಲ!! ಸರ್ ನೋಡಿ ಇನ್ನೊಂದು ಸಲ ಮಾಡು ಅಂದ್ರು, ಮತ್ತೆ ಅದೇ ಬಂತು.

ಮನೇಲಿ ತಾತಂಗೆ ಎಲ್ಲಾ ಹೇಳ್ದೆ, ಕತ್ತಿ ತಾನೇ ಆಸಿಡ್ ಮಾಡ್ಕೊಂಡು ತನ್ನನ್ನ ತಾನೇ ತಿಂದಿದ್ದು ಅಂತ. ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ಸರಿ ಹಾಗಾದ್ರೆ ಮರೆತಿದ್ದು ನಂದೇನೂ ತಪ್ಪಿಲ್ಲ ಅಂತ ಅಜ್ಜಿಗೆ ಕೂಗಿ ಹೇಳಿದ್ರು.